‘ದಿ ಅಮೆರಿಕನ್ಸ್’ ಆರನೇ ಸೀಸನ್ನಿನ ಮೊದಲ ಕಂತು: ಕಥೆ ಒಪ್ಪಿಸದೆ ವಿಮರ್ಶೆ ಬರೆಯೋದು ಹೇಗೆ?

ಕಂತುಗಾರ್ತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ‘ದಿ ಅಮೆರಿಕನ್ಸ್’ ಅಂದರೆ 1980ರ ದಶಕದಲ್ಲಿ ವಾಷಿಂಗ್ಟನ್ ಹತ್ತಿರದ ಫಾಲ್ಸ್ ಚರ್ಚ್ ಊರಲ್ಲಿ ಸಾಮಾನ್ಯ ಅಮೆರಿಕನ್ನರಂತೆ ಬದುಕುವ ಸೋವಿಯತ್ ಬೇಹುಗಾರ ದಂಪತಿ ಎಲಿಜಬೆತ್, ಫಿಲಿಪ್ ಕಥೆಯ ಧಾರಾವಾಹಿ. ಅದರ ಕೊನೆಯ ಸೀಸನ್ನಿನ ಮೊದಲ ಕಂತು ‘ಡೆಡ್ ಹ್ಯಾಂಡ್’ (ಎಫ್‌ಎಕ್ಸ್ ವಾಹಿನಿ, 2018ರ ಮಾರ್ಚ್ 28) ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಿತಿ 900 ಪದ. ಕರಡು 1100 ಆಗಿದೆ. ಅದರಲ್ಲಿ 800ರಷ್ಟು ಬರೀ ಕಥೆ. ಎಲ್ಲಿ ಕತ್ತರಿ ಹಾಕಬೇಕು ಅಂತ ತಿಳಿಯುತ್ತಿಲ್ಲ, ಯಾಕಂದ್ರೆ ಒಂದು ದೃಶ್ಯ ಬಿಟ್ಟರೆ ಮುಂದಿನದು ಅರ್ಥವಾಗೋದಿಲ್ಲ ಅನ್ನಿಸುತ್ತೆ. ಓದುಗರಲ್ಲಿ ಅರ್ಧ ಜನ ಹಿಂದಿನ ಐದೂ ಸೀಸನ್ ನೋಡಿದವರು, ಇನ್ನರ್ಧ ಜನ ಈಗ ಶುರುಮಾಡೋಣವೇ ಬೇಡವೇ ಅಂತ ಯೋಚಿಸುತ್ತಿರುವವರು.

ಕರಡಿನ ಆರಂಭ ಹೀಗಿದೆ:

“ಆರನೇ ಸೀಸನ್ ಅತ್ಯಂತ ರೋಚಕವಾಗಿ ಆರಂಭವಾಗುತ್ತದೆ. ಎಲಿಜಬೆತ್ ಬೇರೆ ಬೇರೆ ವೇಷಗಳಲ್ಲಿ ಕೆಲಸ ಮಾಡುತ್ತಿದ್ದಾಳೆ. ಫಿಲಿಪ್ ಈಗ ಟ್ರಾವೆಲ್ ಏಜೆನ್ಸಿ ಮಾತ್ರ ನೋಡಿಕೊಳ್ಳುತ್ತಿದ್ದಾನೆ. ನಂತರ ಎಲಿಜಬೆತ್ ಮೆಕ್ಸಿಕೊಗೆ ಹೋಗುತ್ತಾಳೆ. ಅಲ್ಲಿ ಒಬ್ಬ ಹಿರಿಯ ಪತ್ತೇದಾರಿ ಅಧಿಕಾರಿಯನ್ನು ಭೇಟಿಯಾಗುತ್ತಾಳೆ.”

ಕೇಳಬೇಕಾದ್ದು ನಾಲ್ಕು. ಕಥೆ ಎಷ್ಟಿರಬೇಕು? ಬೇಹುಗಾರಿಕೆಯ ತಂತ್ರಗಳು ನಂಬುವಂತಿವೆಯೇ ಅನ್ನೋದನ್ನ ಯಾವ ಆಧಾರದ ಮೇಲೆ ಹೇಳಬೇಕು? 1987ರ ಇತಿಹಾಸ ಎಷ್ಟು ತರಬೇಕು? ಕೊನೆಯದು ಪದಗಳ ಸಮಸ್ಯೆ: ‘ಗೂಢಚಾರ’, ‘ಪತ್ತೇದಾರ’, ‘ಬೇಹುಗಾರ’ ಮೂರನ್ನೂ ಕಲಸಿಬಿಟ್ಟಿದ್ದೇನೆ.


ಒಳಮನೆ

ಕಥೆ 800 ಪದಕ್ಕೆ ಬೆಳೆದದ್ದಕ್ಕೆ ಕಾರಣ ನಿಮ್ಮ ಟಿಪ್ಪಣಿ. ದೃಶ್ಯ ಬಂದ ಕ್ರಮದಲ್ಲೇ ಬರೆದುಕೊಂಡಿದ್ದೀರಿ, ಆದ್ದರಿಂದ ಬರಹವೂ ‘ನಂತರ’, ‘ಅಲ್ಲಿ’, ‘ಭೇಟಿಯಾಗುತ್ತಾಳೆ’ ಅಂತ ಅದೇ ಜಾಡಿನಲ್ಲಿ ನಡೆದಿದೆ. ಟಿಪ್ಪಣಿ ಮಾಡುವ ರೀತಿ ಬದಲಾಯಿಸಿದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತೆ.

ಮೊದಲ ಸಲ ಪೆನ್ನು ಮುಟ್ಟದೆ ನೋಡಿ. ಎರಡನೇ ಸಲ ನೋಟ್‌ಬುಕ್ಕನ್ನು ಅಡ್ಡಲಾಗಿ ಇಟ್ಟುಕೊಂಡು ಐದು ಕಂಬ ಎಳೆಯಿರಿ: ಎಲಿಜಬೆತ್, ಫಿಲಿಪ್, ಅವರ ಮಗಳು ಪೇಜ್, ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯಲ್ಲಿದ್ದ ಒಲೆಗ್, ಎದುರುಮನೆಯ ಎಫ್‌ಬಿಐ ಅಧಿಕಾರಿ ಸ್ಟಾನ್. ಒಂದೊಂದು ದೃಶ್ಯಕ್ಕೆ ಒಂದೊಂದು ಸಾಲು, ಎಡ ಅಂಚಿನಲ್ಲಿ ನಿಮಿಷ. ಆ ದೃಶ್ಯದಲ್ಲಿ ಯಾರಿಗೆ ಹೊಸದಾಗಿ ಏನು ಗೊತ್ತಾಯಿತು ಅನ್ನೋದನ್ನ ಮಾತ್ರ ಅವರವರ ಕಂಬದಲ್ಲಿ ಬರೆಯಿರಿ. ಏನೂ ಗೊತ್ತಾಗದಿದ್ದರೆ ಖಾಲಿ ಬಿಡಿ. ಎಲ್ಲಿಗೆ ಹೋದರು, ಏನು ಹಾಕಿಕೊಂಡಿದ್ದರು ಅದೆಲ್ಲ ಈ ಹಾಳೆಗೆ ಬೇಡ. ಬೇಹುಗಾರಿಕೆಯ ಕಥೆ ನಡೆಯೋದು ಗುಂಡಿನಿಂದಲ್ಲ, ಯಾರಿಗೆ ಏನು ಗೊತ್ತು ಅನ್ನೋದರಿಂದ. ಹಾಗಾಗಿ ಈ ಒಂದು ಹಾಳೆಯೇ ಕಂತಿನ ಎಲುಬು.

ಈ ಕಂತಿಗೆ ಹಾಗೆ ಮಾಡಿದರೆ ಏನು ಸಿಗುತ್ತೆ ನೋಡಿ. ಮೆಕ್ಸಿಕೊ ಸಿಟಿಯಲ್ಲಿ ಸೋವಿಯತ್ ಕ್ಷಿಪಣಿ ಪಡೆಯ ಜನರಲ್ ಎಲಿಜಬೆತ್‌ಗೆ ‘ಡೆಡ್ ಹ್ಯಾಂಡ್’ ಎಂಬ, ನಾಯಕರೆಲ್ಲ ಸತ್ತರೂ ಅಣ್ವಸ್ತ್ರದ ಮರುದಾಳಿ ನಡೆಸುವ ವ್ಯವಸ್ಥೆಯ ಗುಟ್ಟು ಹೇಳುತ್ತಾನೆ, ಸೋವಿಯತ್ ನಾಯಕ ಗೋರ್ಬಚೆವ್ ಅದನ್ನು ಅಮೆರಿಕದವರ ಜತೆ ಚೌಕಾಸಿಗೆ ಇಟ್ಟಾನು ಎಂಬ ಭಯ ಹೇಳುತ್ತಾನೆ, ಸಿಕ್ಕಿಬಿದ್ದರೆ ನುಂಗಲು ಸೈನೈಡ್ ಕೊಡುತ್ತಾನೆ. ಅತ್ತ ಮಾಸ್ಕೋದಲ್ಲಿ ಕೆಜಿಬಿಯ ಆರ್ಕಾಡಿ, ಗೋರ್ಬಚೆವ್ ವಿರುದ್ಧ ಒಳಗಿಂದೊಳಗೇ ಒಂದು ಬಣ ಮಸಲತ್ತು ನಡೆಸಿದೆ ಅಂತ ಒಲೆಗ್‌ಗೆ ತಿಳಿಸಿ ಅವನನ್ನು ವಾಷಿಂಗ್ಟನ್ನಿಗೆ ಕಳಿಸುತ್ತಾನೆ. ಒಲೆಗ್ ಬಂದು ಫಿಲಿಪ್‌ನನ್ನು ಕೇಳೋದು ಇಷ್ಟು: ನಿನ್ನ ಹೆಂಡತಿ ಏನು ಮಾಡುತ್ತಿದ್ದಾಳೆ ಅಂತ ಪತ್ತೆಮಾಡು, ಬೇಕಾದರೆ ತಡೆ.

ಈಗ ಕಂಬಗಳನ್ನು ಅಕ್ಕಪಕ್ಕ ಇಟ್ಟು ಓದಿ. ಎಲಿಜಬೆತ್‌ಗೆ ಅಸ್ತ್ರ ಗೊತ್ತು, ತನ್ನನ್ನು ಕಳಿಸಿದವರ ಪೂರ್ತಿ ಉದ್ದೇಶ ಗೊತ್ತಿಲ್ಲ. ಫಿಲಿಪ್‌ಗೆ ಬಣ ಗೊತ್ತು, ಅಸ್ತ್ರ ಗೊತ್ತಿಲ್ಲ. ಒಂದೇ ಮನೆಯಲ್ಲಿ ಎರಡು ಅರ್ಧ ಸತ್ಯ ಮಲಗಿವೆ. ಸ್ಟಾನ್‌ನ ಕಂಬ ಹೆಚ್ಚುಕಡಿಮೆ ಖಾಲಿ. ಆ ಖಾಲಿಯೂ ಬರೆಯಬೇಕಾದ ವಿಷಯವೇ. 2013ರ ಜನವರಿ 30ರ ಮೊತ್ತಮೊದಲ ಕಂತಿನಲ್ಲಿ ಇದೇ ಸ್ಟಾನ್ ಎದುರುಮನೆಗೆ ಬಂದ ಹೊಸತರಲ್ಲಿ ರಾತ್ರಿ ಇವರ ಗ್ಯಾರೇಜಿಗೆ ನುಗ್ಗಿ ಕಾರಿನ ಡಿಕ್ಕಿ ತೆಗೆದು ನೋಡುತ್ತಾನೆ, ಕತ್ತಲಲ್ಲಿ ಫಿಲಿಪ್ ಪಿಸ್ತೂಲು ಹಿಡಿದು ನಿಂತಿರುತ್ತಾನೆ. ಆರನೇ ಸೀಸನ್ನಿಗೆ ಬರುವಾಗ ಸ್ಟಾನ್ ಬೇಹುಗಾರರನ್ನು ಹಿಡಿಯುವ ಪ್ರತಿ-ಬೇಹುಗಾರಿಕೆ ವಿಭಾಗವನ್ನೇ ಬಿಟ್ಟಿದ್ದಾನೆ. ಅಪಾಯ ಎದುರುಮನೆಯಿಂದ ಅಡುಗೆಮನೆಗೆ ಸರಿದಿದೆ. ವಿಮರ್ಶೆಯ ಮುಖ್ಯ ಮಾತು ಇದೇ ಆಗಬಹುದು.

ನಿಮ್ಮ ಆರಂಭವನ್ನು ಈ ದಾರಿಯಲ್ಲಿ ತಿರುಗಿಸಿದರೆ ಹೀಗಿರುತ್ತೆ:

“ಐದು ಸೀಸನ್ ಉದ್ದಕ್ಕೂ ಈ ಗಂಡ ಹೆಂಡತಿ ಸೇರಿ ಒಂದೇ ಗುಟ್ಟನ್ನು ಊರಿಂದ ಮುಚ್ಚಿಟ್ಟರು. ಆರನೆಯದರ ಮೊದಲ ಕಂತು ಮುಗಿಯುವಷ್ಟರಲ್ಲಿ ಇಬ್ಬರ ಹತ್ತಿರವೂ ಒಂದೊಂದು ಗುಟ್ಟಿದೆ. ಅದನ್ನು ಒಬ್ಬರಿಂದೊಬ್ಬರು ಮುಚ್ಚಿಡಬೇಕು.”

‘ರೋಚಕ’ ಅನ್ನುವ ಪದವೇ ಬೇಕಾಗಲಿಲ್ಲ ನೋಡಿ. ಹಿಂದಿನದನ್ನು ನೋಡದವರಿಗೂ ಅರ್ಥವಾಗುತ್ತೆ, ನೋಡಿದವರಿಗೆ ಎದೆ ಝಲ್ ಅನ್ನುತ್ತೆ.

900 ಪದವನ್ನು ಹೀಗೆ ಹಂಚಿ. ಕಥೆ 150 ದಾಟಬಾರದು. ಒಂದೇ ಒಂದು ದೃಶ್ಯವನ್ನು ಹತ್ತಿರದಿಂದ ನೋಡಲು 250. ನಟನೆ, ಕ್ಯಾಮೆರಾ, ಸಂಗೀತಕ್ಕೆ 200. ಇತಿಹಾಸ 100. ಉಳಿದ 200 ಈ ಸೀಸನ್ ಎತ್ತಿದ ಪ್ರಶ್ನೆ ಗಟ್ಟಿಯಾದದ್ದೇ ಎಂಬುದಕ್ಕೆ. ಕಂತು ಚೆನ್ನಾಗಿದೆಯೋ ಇಲ್ಲವೋ ಅನ್ನೋದು ಮೊದಲ 60 ಪದದೊಳಗೇ ಬರಲಿ. ತೀರ್ಪನ್ನು ಕೊನೆಗೆ ಎತ್ತಿಟ್ಟರೆ ನಡುವಿನ ಭಾಗ ತಂತಾನೇ ಕಥೆಯಿಂದ ತುಂಬಿಕೊಳ್ಳುತ್ತೆ.

ಇನ್ನೊಂದು ಎಚ್ಚರ. ಮುಂದಿನ 9 ಕಂತು ನೀವು ನೋಡಿದ್ದರೆ ಅದು ಬರಹದಲ್ಲಿ ಸೋರುತ್ತೆ. ನೇರವಾಗಿ ಹೇಳದಿದ್ದರೂ, ಅರ್ಧ ನಿಮಿಷದ ಪುಟ್ಟ ದೃಶ್ಯಕ್ಕೆ ‘ಬಹಳ ಮುಖ್ಯ’ ಅಂದುಬಿಟ್ಟರೆ ಜಾಣ ಓದುಗ ಮುಂದಿನದನ್ನು ಊಹಿಸಿಬಿಡುತ್ತಾನೆ. ಟಿಪ್ಪಣಿ ಹಾಳೆಯಲ್ಲಿ ಇಲ್ಲದ್ದು ವಿಮರ್ಶೆಗೂ ಬೇಡ.


ಶಾರ್ಟ್‌ವೇವ್

ತಂತ್ರಗಳ ಪ್ರಶ್ನೆಗೆ ನನ್ನ ಉತ್ತರ. ‘ನೈಜವಾಗಿದೆ’ ಅಥವಾ ‘ಅತಿಯಾಯಿತು’ ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ಎರಡು ಬೇರೆ ಪ್ರಶ್ನೆ ಇಟ್ಟುಕೊಳ್ಳಿ: ಈ ತಂತ್ರ ನಿಜ ಜಗತ್ತಿನಲ್ಲಿ ಇತ್ತೇ? ಕಥೆಯೊಳಗೆ ಆ ಪಾತ್ರ ಆ ಹೊತ್ತಿನಲ್ಲಿ ಅದನ್ನು ಮಾಡಲು ಕಾರಣವಿತ್ತೇ?

ಹತ್ತಿರದಿಂದ ನೋಡಲು ನಾನು ಆರಿಸುವ ದೃಶ್ಯ ಪೇಜ್‌ಳ ಗುರುತಿನ ಚೀಟಿಯದು. ಅಮ್ಮನ ತಂಡಕ್ಕಾಗಿ ಪೇಜ್ ಕಾರಿನಲ್ಲಿ ಕೂತು ಕಾವಲು ಕಾಯುತ್ತಿದ್ದಾಳೆ. ನೌಕಾಪಡೆಯ ಒಬ್ಬ ಎಳೆಯ ಕಾವಲುಗಾರ ಬಂದು ಮಾತಿಗೆಳೆದು, ಸಲುಗೆ ತೋರಿಸಿ, ಅವಳ ಗುರುತಿನ ಚೀಟಿಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಾನೆ. ಪೇಜ್ ಕಲಿತದ್ದನ್ನು ತಪ್ಪದೆ ಮಾಡಿದ್ದಾಳೆ, ಗಾಬರಿಯಾಗಿಲ್ಲ, ಸುಳ್ಳು ಹೆಸರಿಗೆ ಅಂಟಿಕೊಂಡಿದ್ದಾಳೆ. ಆದರೂ ಕೆಲಸ ಕೆಟ್ಟಿತು. ಯಾಕೆ? ಖೋಟಾ ಚೀಟಿ ಒಂದು ನೋಟಕ್ಕೆ ತಾಳುತ್ತೆ, ವಿಚಾರಣೆಗೆ ತಾಳೋದಿಲ್ಲ. ಕೈಯಲ್ಲಿ ಹಿಡಿದು ನೋಡಿ ವಾಪಸ್ ಕೊಟ್ಟರೆ ಸರಿ. ಒಂದು ರಾತ್ರಿ ಬೇರೆಯವರ ಜೇಬಿನಲ್ಲಿ ಉಳಿದರೆ ಒಂದು ಫೋನ್ ಕರೆಯಲ್ಲಿ ಬಣ್ಣ ಬಯಲು, ಜತೆಗೆ ಅದರ ಮೇಲೆ ಮಗಳ ಮುಖದ ಫೋಟೊ. ಎಲಿಜಬೆತ್ ಆ ಹುಡುಗನನ್ನು ಹುಡುಕಿ ಚೂರಿಯಿಂದ ಕೊಂದು ಚೀಟಿ ವಾಪಸ್ ತರೋದು ಆ ಲೆಕ್ಕದ ಮೇಲೆ.

ಕಥೆಯ ತರ್ಕ ಇಲ್ಲಿ ಬಿಗಿ. ನಿಜ ಜಗತ್ತಿನ ತರ್ಕ ಸಡಿಲ. ಕಾವಲುಗಾರನ ಹೆಣ ಬಿದ್ದ ಜಾಗಕ್ಕೆ ತನಿಖೆ ಬರುತ್ತೆ, ಆ ರಾತ್ರಿ ಸುತ್ತಮುತ್ತ ನಿಂತಿದ್ದ ಕಾರುಗಳನ್ನು ಕೇಳುತ್ತಾರೆ. ಬೇಹುಗಾರರು ಹೆದರುವುದೇ ಅಂಥ ಗಮನಕ್ಕೆ. ವಿಮರ್ಶೆಯಲ್ಲಿ ಎರಡನ್ನೂ ಹೇಳಿ. ಮೂರು ವರ್ಷ ಒಂಟಿಯಾಗಿ ದುಡಿದು ಸುಸ್ತಾದ ಹೆಂಗಸು ಮೊದಲಿನಷ್ಟು ಯೋಚಿಸುತ್ತಿಲ್ಲ ಅನ್ನೋದಕ್ಕೆ ಈ ಕೊಲೆಯೇ ಸಾಕ್ಷಿ ಅಂತ ಓದಬಹುದು. ನನ್ನ ಓದು ಅದೇ. ಹಾಗೆ ಓದಿದರೆ ಸಡಿಲವಾದ ತಂತ್ರವೂ ಪಾತ್ರದ ಒಳಗಿನಿಂದಲೇ ಬಂದದ್ದಾಗುತ್ತೆ.

ಹೋಲಿಕೆಗೆ ಆಧಾರ ಬೇಕಾದರೆ 2010ರ ಪ್ರಕರಣ ಇದೆ, ಧಾರಾವಾಹಿಯ ಹುಟ್ಟಿಗೆ ಅದೇ ಪ್ರೇರಣೆ. ಆ ವರ್ಷ ಜೂನ್ 27ರಂದು ಎಫ್‌ಬಿಐ ಅಮೆರಿಕದಲ್ಲಿ ಹತ್ತು ಮಂದಿ ರಷ್ಯನ್ ಬೇಹುಗಾರರನ್ನು ಹಿಡಿಯಿತು, ಜುಲೈ 9ರಂದು ವಿಯೆನ್ನಾದಲ್ಲಿ ರಷ್ಯಾ ಬಿಟ್ಟುಕೊಟ್ಟ ನಾಲ್ವರ ಬದಲಿಗೆ ಅವರನ್ನು ಒಪ್ಪಿಸಿತು. ಅವರ ಮೇಲಿನ ಆರೋಪಪಟ್ಟಿಯಲ್ಲಿ ಇದ್ದದ್ದು ಲ್ಯಾಪ್‌ಟಾಪಿನಿಂದ ಲ್ಯಾಪ್‌ಟಾಪಿಗೆ ಗುಟ್ಟಾಗಿ ಸಂದೇಶ, ನಡೆದುಹೋಗುವಾಗ ಚೀಲ ಬದಲಾವಣೆ, ನೆಲದಲ್ಲಿ ಹೂತ ಹಣ. ವರ್ಷಗಟ್ಟಲೆ ನಿಧಾನದ ಕೆಲಸ. ಕೊಲೆ ಇರಲಿಲ್ಲ. ಸೃಷ್ಟಿಕರ್ತ ಜೋ ವೈಸ್‌ಬರ್ಗ್ ಸ್ವತಃ ಸಿಐಎಯಲ್ಲಿ ಇದ್ದವರು, ಆದ್ದರಿಂದ ಗೊತ್ತಿಲ್ಲದೆ ಮಾಡಿದ್ದಲ್ಲ. ಹತ್ತು ವರ್ಷದಲ್ಲಿ ಆಗುವಷ್ಟನ್ನು ಒಂದು ಸೀಸನ್ನಿಗೆ ಒತ್ತಿ ತುಂಬುವುದು ನಾಟಕದ ಅಗತ್ಯ.

ಮೂರು ಕಡೆ ವಿಮರ್ಶಕರು ಪದೇ ಪದೇ ಎಡವುತ್ತಾರೆ.

‘ಇಲ್ಲೀಗಲ್ಸ್’ ಅನ್ನೋದನ್ನ ‘ಅಕ್ರಮ ವಲಸಿಗರು’ ಅಂತ ಕನ್ನಡಿಸಬೇಡಿ, ಅರ್ಥವೇ ಕೆಡುತ್ತೆ. ರಾಯಭಾರ ಕಚೇರಿಯ ಹುದ್ದೆಯ ಮರೆಯಲ್ಲಿ ಕೆಲಸ ಮಾಡುವವರಿಗೆ ರಾಜತಾಂತ್ರಿಕ ರಕ್ಷಣೆ ಇರುತ್ತೆ, ಸಿಕ್ಕಿದರೆ ದೇಶ ಬಿಡಿಸುತ್ತಾರೆ ಅಷ್ಟೆ. ಸುಳ್ಳು ಹೆಸರಲ್ಲಿ ಸಾಮಾನ್ಯ ನಾಗರಿಕರಂತೆ ಬದುಕುವ ಇಲ್ಲೀಗಲ್‌ಗಳಿಗೆ ಆ ರಕ್ಷಣೆ ಇಲ್ಲ, ಸಿಕ್ಕಿದರೆ ಜೈಲು. ಇವರನ್ನು ನಡೆಸುತ್ತಿದ್ದದ್ದು ಕೆಜಿಬಿಯ ಮೊದಲನೇ ಮುಖ್ಯ ನಿರ್ದೇಶನಾಲಯದ ‘ಎಸ್’ ವಿಭಾಗ. ಹಿಂದಿನ ಸೀಸನ್ನುಗಳಲ್ಲಿ ಒಲೆಗ್ ಬಂದಿದ್ದು ರಾಯಭಾರ ಕಚೇರಿಗೆ. ಈ ಸಲ ಆ ಕೊಡೆ ಇಲ್ಲದೆ ಬಂದಿದ್ದಾನೆ. ಈ ವ್ಯತ್ಯಾಸವನ್ನು ಒಂದು ಸಾಲಲ್ಲಿ ಹೇಳದಿದ್ದರೆ ಮಾಸ್ಕೋದಲ್ಲಿ ಹೆಂಡತಿ, ಮಗುವನ್ನು ಬಿಟ್ಟು ಹೊರಡುವ ಅವನ ದೃಶ್ಯದ ತೂಕ ಓದುಗರಿಗೆ ತಟ್ಟೋದಿಲ್ಲ.

ಎರಡನೆಯದು ರೇಡಿಯೊ. ಧಾರಾವಾಹಿಯಲ್ಲಿ ಅಂಕಿ ಓದುವ ದನಿ ಕೇಳಿ ಇವರು ಬರೆದುಕೊಳ್ಳೋದು ಅಲಂಕಾರಕ್ಕಲ್ಲ. ಐದೈದು ಅಂಕಿಯ ಗುಂಪುಗಳಲ್ಲಿ ಸಂದೇಶ ಬರುತ್ತೆ, ಕೈಯಲ್ಲಿ ಅದೇ ಸಂದೇಶಕ್ಕೆಂದೇ ಇರುವ ಕೀಲಿ ಹಾಳೆ. ಕೇಳಿದ್ದು 47103, ಹಾಳೆಯಲ್ಲಿ 92568 ಅಂತಿಟ್ಟುಕೊಳ್ಳಿ. ಪಕ್ಕದ ಅಂಕಿಯಿಂದ ಕಡ ತರದೆ, ಸಾಲದಿದ್ದರೆ ಅಲ್ಲಲ್ಲೇ ಹತ್ತು ಸೇರಿಸಿ ಕಳೆದರೆ 55645 ಬರುತ್ತೆ. ಅದನ್ನು ಅಕ್ಷರಕ್ಕೆ ತಿರುಗಿಸಬೇಕು. ಹಾಳೆಯ ಅಂಕಿಗಳು ಗೊತ್ತುಗುರಿಯಿಲ್ಲದೆ ಆರಿಸಿದವಾಗಿದ್ದು ಒಂದೇ ಸಲ ಬಳಸಿ ಸುಟ್ಟರೆ ಯಾವ ಯಂತ್ರವೂ ಒಡೆಯಲಾಗದು. 1940ರ ದಶಕದ ಆರಂಭದಲ್ಲಿ ಸೋವಿಯತ್ತರು ಕೆಲವು ಹಾಳೆಗಳನ್ನು ಎರಡು ಸಲ ಮುದ್ರಿಸಿ ಬಳಸಿದರು, ಅಮೆರಿಕದ ‘ವೆನೋನಾ’ ಯೋಜನೆ ಆ ಬಿರುಕಿನಿಂದಲೇ ಸಂದೇಶಗಳನ್ನು ಬಿಡಿಸಿತು. ಅಂಥ ದೃಶ್ಯ ಬಂದಾಗ ಕಾಗದ ಸುಡೋದನ್ನ ತೋರಿಸಿದರೋ ಇಲ್ಲವೋ ನೋಡಿ.

ಮೂರನೆಯದು ಊರು. ಫಾಲ್ಸ್ ಚರ್ಚ್‌ನಂಥ ಶಾಂತ ಬಡಾವಣೆಯಲ್ಲಿ ಬೇಹುಗಾರರೇ ಅಂತ ಹುಬ್ಬೇರಿಸಬೇಡಿ. ಅದಕ್ಕೆ ಹತ್ತಿರದ ವರ್ಜೀನಿಯಾದ ವಿಯೆನ್ನಾ ಊರಿನ ಫಾಕ್ಸ್‌ಸ್ಟೋನ್ ಪಾರ್ಕಿನಲ್ಲಿ, ಕಾಲುಸೇತುವೆಯ ಅಡಿ ಪೊಟ್ಟಣ ಇಟ್ಟು ಬಂದ ಮೇಲೆ ರಷ್ಯಾಕ್ಕೆ ಗುಟ್ಟು ಮಾರುತ್ತಿದ್ದ ಎಫ್‌ಬಿಐನ ರಾಬರ್ಟ್ ಹ್ಯಾನ್ಸನ್ 2001ರ ಫೆಬ್ರುವರಿ 18ರಂದು ಸಿಕ್ಕಿಬಿದ್ದದ್ದು. ಸಿಐಎಯ ಆಲ್ಡ್ರಿಚ್ ಏಮ್ಸ್ ವಾಷಿಂಗ್ಟನ್ನಿನ 37ನೇ ಬೀದಿ ಮತ್ತು ‘ಆರ್’ ಬೀದಿಯ ಮೂಲೆಯ ಅಂಚೆಪೆಟ್ಟಿಗೆ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಸನ್ನೆ ಕೊಡುತ್ತಿದ್ದ. ಅವನು ಸೋವಿಯತ್ತರಿಗೆ ಗುಟ್ಟು ಮಾರಲು ಶುರುಮಾಡಿದ್ದು 1985ರಲ್ಲಿ. ಈ ಕಂತು ನಡೆಯುವ 1987ರಲ್ಲಿ ನಿಜದ ಏಮ್ಸ್ ಸಿಐಎ ಕೆಲಸದ ಮೇಲೆ ರೋಮ್‌ನಲ್ಲಿದ್ದ, ಇನ್ನೂ ಸಿಕ್ಕಿಬಿದ್ದಿರಲಿಲ್ಲ.


ತಾರೀಖು

ಇತಿಹಾಸಕ್ಕೆ 100 ಪದ ಸಾಕು, ಆದರೆ ಆ 100 ಸರಿಯಾಗಿರಬೇಕು.

ಕಂತು ನಡೆಯೋದು 1987ರ ಶರತ್ಕಾಲ, ಐದನೇ ಸೀಸನ್ ಮುಗಿದು ಸುಮಾರು ಮೂರು ವರ್ಷದ ಮೇಲೆ. ವಾಷಿಂಗ್ಟನ್ ಶೃಂಗಸಭೆ ಇನ್ನೂ ಮುಂದಿದೆ. ಮಧ್ಯಮ ವ್ಯಾಪ್ತಿಯ ಕ್ಷಿಪಣಿ ಒಪ್ಪಂದಕ್ಕೆ ಅಮೆರಿಕದ ಅಧ್ಯಕ್ಷ ರೇಗನ್ ಮತ್ತು ಗೋರ್ಬಚೆವ್ ಸಹಿ ಹಾಕಿದ್ದು ಆ ಸಭೆಯಲ್ಲೇ, 1987ರ ಡಿಸೆಂಬರ್ 8ರಂದು. 500ರಿಂದ 5,500 ಕಿಲೋಮೀಟರ್ ವ್ಯಾಪ್ತಿಯ ನೆಲದಿಂದ ಹಾರುವ ಕ್ಷಿಪಣಿಗಳನ್ನೆಲ್ಲ ನಾಶಮಾಡಬೇಕು ಅನ್ನೋದು ಅದರ ತಿರುಳು. 1991ರ ಹೊತ್ತಿಗೆ ಎರಡೂ ಕಡೆ ಸೇರಿ 2,692 ಕ್ಷಿಪಣಿ ಹೋದವು. ಅದಕ್ಕೂ ಮುಂಚೆ 1986ರ ಅಕ್ಟೋಬರ್‌ನಲ್ಲಿ ರೇಕ್ಯಾವಿಕ್ ಮಾತುಕತೆ ಮುರಿದುಬಿದ್ದದ್ದು ರೇಗನ್‌ರ ಬಾಹ್ಯಾಕಾಶ ರಕ್ಷಣಾ ಯೋಜನೆ ಮೇಲೆ. ಜನರಲ್‌ನ ಭಯ ಅಲ್ಲಿಂದ ಬಂದದ್ದು. ಈ ಹಿನ್ನೆಲೆ ಹೇಳದಿದ್ದರೆ ಮೆಕ್ಸಿಕೊ ದೃಶ್ಯ ಬರೀ ಬೆದರುಬೊಂಬೆಯ ಮಾತಿನಂತೆ ಕಾಣುತ್ತೆ.

‘ಡೆಡ್ ಹ್ಯಾಂಡ್’ ಕಥೆಗಾರರ ಕಲ್ಪನೆ ಅಂತ ಬರೆದವರಿದ್ದಾರೆ. ಅಲ್ಲ. ‘ಪೆರಿಮೀಟರ್’ ಹೆಸರಿನ ಸೋವಿಯತ್ ವ್ಯವಸ್ಥೆ 1985ರಲ್ಲಿ ಕಾರ್ಯಾರಂಭ ಮಾಡಿತು. ಮಾಸ್ಕೋದ ನಾಯಕರೆಲ್ಲ ಮೊದಲ ಏಟಿಗೇ ಸತ್ತರೂ ಮರುದಾಳಿ ನಡೆಯಬೇಕು ಅನ್ನೋದು ಉದ್ದೇಶ. ಆಳವಾದ ಬಂಕರಿನಲ್ಲಿ ಕೂತ ಕೆಲವು ಅಧಿಕಾರಿಗಳ ಪಾತ್ರ ಅದರಲ್ಲಿ ಉಳಿದಿತ್ತು, ಆದ್ದರಿಂದ ‘ಪೂರ್ತಿ ಸ್ವಯಂಚಾಲಿತ’ ಅಂತ ಬರೆಯಬೇಡಿ.

ಗೋರ್ಬಚೆವ್ ವಿರುದ್ಧದ ನಿಜವಾದ ಕ್ಷಿಪ್ರಕ್ರಾಂತಿ ಯತ್ನ 1991ರ ಆಗಸ್ಟ್‌ನದು, ಕೆಜಿಬಿ ಮುಖ್ಯಸ್ಥ ಕ್ರಿಯುಚ್‌ಕೊವ್ ಮುಂದಾಳುಗಳಲ್ಲಿ ಒಬ್ಬ. ಧಾರಾವಾಹಿ ಆ ಅಸಮಾಧಾನವನ್ನು ನಾಲ್ಕು ವರ್ಷ ಹಿಂದಕ್ಕೆ ಎಳೆದುಕೊಂಡಿದೆ. ತಪ್ಪೇನಲ್ಲ. ಆದರೆ ‘1987ರಲ್ಲಿ ಹೀಗೆ ನಡೆದಿತ್ತು’ ಅಂತ ಓದುಗರು ತಿಳಿಯದಂತೆ ಬರೆಯಿರಿ.


ಚೌಕಿಮನೆ

ಪದಗಳ ಬಗ್ಗೆ, ಜತೆಗೆ ಮುಖಗಳ ಬಗ್ಗೆ.

ಪತ್ತೇದಾರ ಅಂದರೆ ಆಗಿಹೋದ ಅಪರಾಧವನ್ನು ಪತ್ತೆಹಚ್ಚುವವನು. ಈ ಕಥೆಯಲ್ಲಿ ಆ ಪದ ಹತ್ತಿರ ಬರೋದು ಸ್ಟಾನ್‌ಗೆ ಮಾತ್ರ, ಅದೂ ಈ ಸೀಸನ್ನಿನಲ್ಲಿ. ಬೇಹುಗಾರ, ಗೂಢಚಾರ ಎರಡೂ ಒಂದೇ ಅರ್ಥ. ಬೇಹುಗಾರ ಕಿವಿಗೆ ಹತ್ತಿರ, ಗೂಢಚಾರ ಪತ್ರಿಕೆಯ ಧಾಟಿ. ಒಂದನ್ನು ಆರಿಸಿ ಕೊನೆತನಕ ಅದನ್ನೇ ಇಡಿ. ‘ಗುಪ್ತಚರ’ವನ್ನು ಸಂಸ್ಥೆಗಳಿಗೆ ಮೀಸಲಿಡಿ, ಓದುಗರಿಗೆ ಅಭ್ಯಾಸವಾಗಿದೆ. ಡಬಲ್ ಏಜೆಂಟ್ (ಎರಡೂ ಕಡೆಯ ಬೇಹುಗಾರ), ಹ್ಯಾಂಡ್ಲರ್ (ಬೇಹುಗಾರರನ್ನು ನಡೆಸುವವರು) ಹಾಗೇ ಇರಲಿ. ಸುದ್ದಿ ತಂದುಕೊಡುವವರಿಗೆ ‘ಮಾಹಿತಿದಾರ’ ಸಾಕು. ನಿಮ್ಮ ಕರಡಿನ ‘ಹಿರಿಯ ಪತ್ತೇದಾರಿ ಅಧಿಕಾರಿ’ ಅಂತೂ ಪೂರ್ತಿ ತಪ್ಪು, ಅವನು ಕ್ಷಿಪಣಿ ಪಡೆಯ ಜನರಲ್.

ಕವರ್ ಅನ್ನೋದಕ್ಕೆ ನಮ್ಮಲ್ಲಿ ‘ಸೋಗು’ ಅನ್ನುವ ಒಳ್ಳೆಯ ಪದ ಇದೆ. ವೇಷ ಬೇರೆ, ಸೋಗು ಬೇರೆ. ವೇಷ ಅಂದರೆ ಟೋಪನ್, ಕನ್ನಡಕ, ಬಟ್ಟೆ. ಒಂದು ಸಂಜೆಗೆ ಹಾಕಿ ಕಳಚೋದು. ಸೋಗು ಅಂದರೆ ಇಪ್ಪತ್ತು ವರ್ಷದ ಸಂಸಾರ, ಮಕ್ಕಳು, ಟ್ರಾವೆಲ್ ಏಜೆನ್ಸಿ. ಈ ಎರಡು ಪದ ಇಟ್ಟುಕೊಂಡರೆ ಕಂತಿನ ಅರ್ಧ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತೆ: ಫಿಲಿಪ್ ವೇಷ ಬಿಟ್ಟಿದ್ದಾನೆ, ಸೋಗೇ ಅವನ ಬದುಕಾಗಿದೆ. ಎಲಿಜಬೆತ್‌ಗೆ ಬರೀ ವೇಷಗಳು ಉಳಿದಿವೆ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಪುರುಷರ ವಿಂಗಡಣೆ ಇದೆ. ಒಂದೆಡೆ ನೆಲೆಸಿ ಕೆಲಸ ಮಾಡುವ ‘ಸಂಸ್ಥ’ರು, ಅಲೆದಾಡುವ ‘ಸಂಚಾರ’ರು. ಸಂಸ್ಥರಲ್ಲಿ ಗೃಹಸ್ಥನ ಸೋಗಿನ ‘ಗೃಹಪತಿಕ’, ವ್ಯಾಪಾರಿ ಸೋಗಿನ ‘ವೈದೇಹಕ’. ಸಂಚಾರರಲ್ಲಿ ಕೊಲ್ಲುವ ‘ತೀಕ್ಷ್ಣ’, ವಿಷವಿಕ್ಕುವ ‘ರಸದ’. ಮೊದಲ ಐದು ಸೀಸನ್ನಿನಲ್ಲಿ ಈ ದಂಪತಿ ಇವೆಲ್ಲವನ್ನೂ ಇಬ್ಬರೇ ಹೊತ್ತಿದ್ದರು. ಈ ಕಂತಿನಲ್ಲಿ ಕೆಲಸ ಎರಡು ಪಾಲಾಗಿದೆ. ಗೃಹಪತಿಕ, ವೈದೇಹಕ ಎರಡೂ ಗಂಡನ ಪಾಲಿಗೆ, ತೀಕ್ಷ್ಣದ ಕೆಲಸ ಹೆಂಡತಿಯ ಪಾಲಿಗೆ. ಕನ್ನಡ ಓದುಗರಿಗೆ ಇದನ್ನು ಎರಡು ಸಾಲಲ್ಲಿ ಕೊಟ್ಟರೆ ಚೆನ್ನ, ಅದಕ್ಕಿಂತ ಉದ್ದ ಬೇಡ.

ನಟನೆಗೆ ‘ಅದ್ಭುತ’, ‘ಮನೋಜ್ಞ’ ಬೇಡ. ಏನು ಕಂಡಿತೋ ಅದನ್ನು ಬರೆಯಿರಿ. ಆರಂಭದ ಮಾತಿಲ್ಲದ ಭಾಗವನ್ನು ದನಿ ಆರಿಸಿ ಒಮ್ಮೆ ನೋಡಿ. ಕ್ರೌಡೆಡ್ ಹೌಸ್ ತಂಡದ ಹಾಡು ಆ ಭಾಗವನ್ನು ಎಷ್ಟು ಹೊತ್ತು ನಿಂತಿದೆ, ನಟರು ಎಷ್ಟು ಹೊತ್ತಿದ್ದಾರೆ ಅಂತ ಆಗ ತಿಳಿಯುತ್ತೆ. ಆ ಹಾಡು 1986ರದು, ಕಾಲಕ್ಕೆ ಸರಿಹೊಂದುತ್ತೆ. ಎಲಿಜಬೆತ್ ಆಗಿರುವ ಕೇರಿ ರಸಲ್ ವೇಷಗಳಲ್ಲಿ ಇರುವಾಗ ಭುಜ, ನಡಿಗೆ, ದನಿ ಬೇರೆ ಬೇರೆ. ಸಾಯುತ್ತಿರುವ ಚಿತ್ರಕಾರ್ತಿ ಎರಿಕಾಳ ಮನೆಯಲ್ಲಿ ದಾದಿಯಾಗಿ ಒಂದು ಬಗೆ, ಹೊರಗಡೆ ಇನ್ನೊಂದು ಬಗೆ. ಮನೆಗೆ ಬಂದು ಸಿಗರೇಟು ಹಚ್ಚಿ ನಿಂತಾಗ ಯಾವ ಬಗೆಯೂ ಇಲ್ಲ. ಚೌಕಿಯಲ್ಲಿ ಬಣ್ಣ ಒರೆಸಿದ ಮೇಲೆ ಮುಖ ಇರಬೇಕಾದ ಜಾಗದಲ್ಲಿ ಬರೀ ದಣಿವು. ಫಿಲಿಪ್ ಆಗಿರುವ ಮ್ಯಾಥ್ಯೂ ರೀಸ್‌ನದು ತದ್ವಿರುದ್ಧ, ದೇಹ ಸಡಿಲಾಗಿದೆ, ಸಾಲಾಗಿ ನಿಂತು ಕುಣಿಯುವ ಕುಣಿತದಲ್ಲಿ ಅವನಿಗೆ ನಿಜಕ್ಕೂ ಖುಷಿ. ಒಲೆಗ್‌ನ ಮಾತು ಕೇಳುವಾಗ ಅದೇ ದೇಹ ಮತ್ತೆ ಹೇಗೆ ಬಿಗಿಯಾಗುತ್ತೆ ನೋಡಿ. ಈ ಸೀಸನ್ನಿಗಾಗಿಯೇ ಅವನಿಗೆ 2018ರಲ್ಲಿ ಎಮ್ಮಿ ಪ್ರಶಸ್ತಿ ಬಂದದ್ದು.


ಕಂತುಗಾರ್ತಿ

ಕಂಬ ಎಳೆದ ಹಾಳೆ ನಿಜಕ್ಕೂ ಕೆಲಸ ಮಾಡಿತು, ಕಥೆ 140 ಪದಕ್ಕೆ ಇಳಿದಿದೆ. ಇನ್ನೊಂದು ಪ್ರಶ್ನೆ. ಹಿಂದಿನ ಸೀಸನ್ನುಗಳ ಮೊದಲ ಕಂತಿನ ಜತೆ ಹೋಲಿಸಬೇಕೇ? ಐದನೆಯದರ ‘ಅಂಬರ್ ವೇವ್ಸ್’ ನಿಧಾನ ಅಂತ ಬಹಳ ಜನ ಬೇಸರಪಟ್ಟಿದ್ದರು. ಈ ಕಂತು ಅದಕ್ಕಿಂತ ಚುರುಕು ಅಂತ ಬರೆದಿದ್ದೇನೆ.


ಒಳಮನೆ

ಹೋಲಿಸಿ, ಆದರೆ ‘ಚುರುಕು’, ‘ನಿಧಾನ’ ಅಂತಲ್ಲ. ಹೊತ್ತನ್ನು ಯಾವುದಕ್ಕೆ ಖರ್ಚು ಮಾಡಿದರು ಅಂತ ಹೋಲಿಸಿ.

‘ಅಂಬರ್ ವೇವ್ಸ್’ (2017ರ ಮಾರ್ಚ್ 7) ಕೊನೆಯಲ್ಲಿ ಮೇರಿಲ್ಯಾಂಡಿನ ಫೋರ್ಟ್ ಡೆಟ್ರಿಕ್ ಒಳಗೆ ರಾತ್ರಿ ಹೊತ್ತು ಗುಂಡಿ ತೋಡುವ ದೃಶ್ಯ ಇದೆ. ಸೋಂಕಿನಿಂದ ಸತ್ತ ಇವರ ಕಡೆಯ ಬೇಹುಗಾರ ವಿಲಿಯಂನ ಹೆಣದಿಂದ ಮಾದರಿ ತೆಗೆಯಬೇಕು. ಹತ್ತು ನಿಮಿಷದ ಆಸುಪಾಸು, ಮಾತು ಇಲ್ಲವೆನ್ನುವಷ್ಟು ಕಡಿಮೆ. ಸನಿಕೆ, ಮಣ್ಣು, ಉಸಿರು ಅಷ್ಟೆ. ಗುಂಡಿ ಎದೆಮಟ್ಟ ಇಳಿಯುವ ಹೊತ್ತಿಗೆ ನೋಡುವವರ ತೋಳೂ ನೋಯುತ್ತೆ. ಅಷ್ಟೆಲ್ಲ ಆದ ಮೇಲೆ ಜತೆಗಾರ ಹಾನ್ಸ್‌ನ ಕೈಗೆ ಗಾಯವಾಗುತ್ತೆ, ಸೋಂಕು ತಗುಲಿರಬಹುದು ಅನ್ನುವಷ್ಟಕ್ಕೇ ಎಲಿಜಬೆತ್ ಅವನನ್ನು ಗುಂಡಿಟ್ಟು ಅದೇ ಗುಂಡಿಗೆ ಕೆಡವುತ್ತಾಳೆ. ತೋಡುವುದನ್ನು ಒಂದು ನಿಮಿಷಕ್ಕೆ ಕತ್ತರಿಸಿದ್ದರೆ ಆ ಗುಂಡೇಟು ಬರೀ ಆಘಾತ ಆಗುತ್ತಿತ್ತು. ಅವನೂ ಜತೆಗೆ ಅಷ್ಟು ಹೊತ್ತು ಬೆವರಿದ್ದನ್ನು ನೋಡಿದ್ದರಿಂದ ಹೊಟ್ಟೆಗೆ ಇಳಿಯುತ್ತೆ. ಅದನ್ನು ನಿಧಾನ ಅಂತ ತಳ್ಳಿಹಾಕೋದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

‘ಡೆಡ್ ಹ್ಯಾಂಡ್’ ಆ ಥರ ಒಂದೇ ಕೆಲಸಕ್ಕೆ ಹೊತ್ತು ಕೊಡೋದಿಲ್ಲ. ಮೂರು ವರ್ಷವನ್ನು ಒಂದು ಹಾಡಿನೊಳಗೆ ದಾಟಿಸಿ, ಉಳಿದದ್ದನ್ನು ತುಂಡು ತುಂಡಾಗಿ ಹಂಚುತ್ತೆ. ಗಂಡ ಹೆಂಡತಿ ಮನೆಯಲ್ಲಿ ಒಟ್ಟಿಗೆ ಕೂತು ಮಾತಾಡುವ ಹೊತ್ತು ಎಷ್ಟು ಅಂತ ನಿಮ್ಮ ಹಾಳೆಯ ನಿಮಿಷಗಳನ್ನು ಕೂಡಿ ನೋಡಿ. ಬಹಳ ಕಡಿಮೆ ಬರುತ್ತೆ. ಕೊನೆಯಲ್ಲಿ ಫಿಲಿಪ್ ಮಾತಿಗೆ ಬಂದಾಗ ಅವಳಿಗೆ ತ್ರಾಣವಿಲ್ಲ. ಆ ಲೆಕ್ಕವನ್ನೇ ಬರೆಯಿರಿ, ‘ಚುರುಕು’ ಅನ್ನುವ ಮಾತಿಗಿಂತ ನೂರು ಪಾಲು ಮೇಲು.


ಕಂತುಗಾರ್ತಿ

ಕೂಡಿದೆ. ನೀವು ಹೇಳಿದ್ದು ಸರಿ, ಹೇಳಿಕೊಳ್ಳುವಷ್ಟು ಇಲ್ಲ. ಮೊದಲ ಪ್ಯಾರಾ ಈಗ ಹೀಗಿದೆ:

“ಡಿಸೆಂಬರ್ ಶೃಂಗಸಭೆಯಲ್ಲಿ ಎರಡು ದೇಶಗಳು ಮಾತಿಗೆ ಕೂತಿವೆ. ಫಾಲ್ಸ್ ಚರ್ಚ್‌ನ ಒಂದು ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ. ಇಬ್ಬರೂ ಸೋವಿಯತ್ ಬೇಹುಗಾರರು. ಹೆಂಡತಿಯ ಬಳಿ ಒಂದು ಅಸ್ತ್ರದ ಗುಟ್ಟು, ಗಂಡನ ಬಳಿ ಆ ಗುಟ್ಟನ್ನು ಒಪ್ಪಿಸಿದವರ ಗುಟ್ಟು. ಆರನೇ ಸೀಸನ್ನಿನ ಮೊದಲ ಕಂತು ಈ ಎರಡನ್ನೂ ಒಂದೇ ಸೂರಿನಡಿ ತಂದಿಟ್ಟು, ಮುಟ್ಟಿಸದೆ ಬಿಡುತ್ತದೆ. ಇಡೀ ಧಾರಾವಾಹಿಯ ಅತ್ಯುತ್ತಮ ಆರಂಭಗಳಲ್ಲಿ ಇದೊಂದು.”


ತಾರೀಖು

ಚೆನ್ನಾಗಿದೆ. ಮೊದಲ ಸಾಲು ಮಾತ್ರ ತಿದ್ದಿ. ಕಂತಿನ ಹೊತ್ತಿಗೆ ಶೃಂಗಸಭೆ ಶುರುವಾಗಿಲ್ಲ, ತಯಾರಿ ನಡೆದಿದೆ ಅಷ್ಟೆ. “ಡಿಸೆಂಬರ್ ಶೃಂಗಸಭೆಗಾಗಿ ಎರಡು ದೇಶಗಳು ಮಾತಿನ ಚಾಪೆ ಹಾಸುತ್ತಿವೆ” ಅಂತ ಮಾಡಿ.


ಚೌಕಿಮನೆ

‘ಮಾತು ಬಿಟ್ಟಿದ್ದಾರೆ’ ಅಂದರೆ ನಮ್ಮಲ್ಲಿ ಜಗಳವಾಡಿ ಮುನಿಸಿಕೊಂಡಂತೆ ಕೇಳುತ್ತೆ. ಇವರದು ಮುನಿಸಲ್ಲ. ‘ಗಂಡ ಹೆಂಡತಿಗೆ ಮಾತಾಡಲು ಪುರುಸೊತ್ತಿಲ್ಲ’ ಅಂತ ಇಡಿ.